ಹಿಮ ಗೋರಿದ ಜಾಗಕ್ಕೊಂದು ಕುರ್ಚಿ

ಡೆಕೋರಾ, ಅಯೋವಾ
6 ಜನವರಿ 1999

ಪ್ರಿಯ ಜೆನೆವೀವ್ ಅವರಿಗೆ,

ಶಿಕಾಗೊದಲ್ಲಿ ಹಿಮ ಬಿದ್ದ ಸುದ್ದಿ ನಮ್ಮ ರೇಡಿಯೋದಲ್ಲಿ ಮೂರು ದಿನದಿಂದ ಬರುತ್ತಿದೆ. ಮೊಣಕಾಲುದ್ದ ಬಿದ್ದಿದೆಯಂತೆ. ನಮ್ಮಲ್ಲಿ ಅದಕ್ಕೆ ಸುದ್ದಿ ಎನ್ನುವುದಿಲ್ಲ, ಜನವರಿ ಎನ್ನುತ್ತೇವೆ. ಆದರೂ ನೀವು ಸಲಿಕೆ ಹಿಡಿದು ಸೊಂಟ ಹಿಡಿಸಿಕೊಳ್ಳಬೇಡಿ. ನಿಮಗೆ ಅರವತ್ತನಾಲ್ಕು ಎಂದು ಬರೆದವರು ನೀವೇ, ನಾನಲ್ಲ.

ಈ ಪತ್ರವನ್ನು ಬಹಳ ದಿನ ಯೋಚಿಸಿ ಬರೆಯುತ್ತಿದ್ದೇನೆ. ನನ್ನ ಇರ್ಮಾ ನಿಮಗೆ ಇಪ್ಪತ್ತೊಂದು ವರ್ಷ ಪತ್ರ ಬರೆದಳು. ಅಡುಗೆ ಪತ್ರಿಕೆಯೊಂದರ ಮೂಲೆಯಲ್ಲಿ ನಿಮ್ಮ ವಿಳಾಸ ಸಿಕ್ಕಿ, ಕೇಕಿನ ವಿಚಾರಕ್ಕೆ ಶುರುವಾದ ಸ್ನೇಹ ಒಮ್ಮೆಯೂ ಮುಖ ನೋಡದೆ ಹಾಗೇ ನಡೆಯಿತು. ಅವಳು ತೀರಿಕೊಂಡಾಗ ನಾನು ನಾಲ್ಕು ಸಾಲು ಬರೆದು ತಿಳಿಸಿದೆ. ನೀವು ಆರು ಪುಟ ಉತ್ತರಿಸಿದಿರಿ. ಅಲ್ಲಿಂದೀಚೆಗೆ ಮೂರು ವರ್ಷವಾಯಿತು. ಮೂವತ್ತನಾಲ್ಕು ವರ್ಷ ಹಳ್ಳಿ ದಾರಿಗಳಲ್ಲಿ ಊರವರ ಅಂಚೆ ಹಂಚಿದವನು ನಾನು. ತನ್ನ ಹೆಸರಿಗೆ ಬರುವ ಪತ್ರಕ್ಕೆ ಕಾಯುವುದು ಏನೆಂದು ನಿವೃತ್ತನಾದ ಮೇಲೆಯೇ ಗೊತ್ತಾಯಿತು. ಅಡುಗೆಮನೆಯಲ್ಲಿ ಎರಡು ಕುರ್ಚಿಗಳಿವೆ. ಒಂದರ ಮೇಲೆ ನಾನು ಕೂರುತ್ತೇನೆ. ಎದುರಿನದರ ಮೇಲೆ ನಿಮ್ಮ ಪತ್ರಗಳು ಕೂತಿವೆ.

ಹದಿನಾರನೇ ತಾರೀಖು ಶನಿವಾರ ಬರಬಹುದೇ? ಒಂದು ದಿನ ನಿಮ್ಮ ಊರು ತೋರಿಸಿ. ಸಂಜೆಯೊಳಗೆ ನಿಮ್ಮನ್ನು ಒಂದು ಮಾತು ಕೇಳುವುದಿದೆ. ಕಾಗದದಲ್ಲಿ ಕೇಳುವ ಮಾತಲ್ಲ.

ನಿಮ್ಮ ವಿಶ್ವಾಸಿ,
ಡೆಲ್ಬರ್ಟ್ ಹೌಗನ್


ಶಿಕಾಗೊ
9 ಜನವರಿ

ಪ್ರಿಯ ಡೆಲ್ಬರ್ಟ್,

ಬನ್ನಿ ಎಂದು ಹೇಳಲು ಒಂದು ಪತ್ರ ಬೇಕೇ? ಬನ್ನಿ. ಒಂಬತ್ತಕ್ಕೆ ಬನ್ನಿ. ಒಂಬತ್ತು ಎಂದರೆ ಒಂಬತ್ತೇ. ರೈತರ ಊರಿನವರು ಕೋಳಿ ಕೂಗುವ ಹೊತ್ತಿಗೆ ಬಾಗಿಲು ತಟ್ಟಿದರೆ ಕೂದಲು ಗುಂಗುರಾಗಲೆಂದು ನನ್ನ ತಲೆಯ ತುಂಬ ಸುರುಳಿ ಕಟ್ಟಿಕೊಂಡಿರುತ್ತೇನೆ, ಅದನ್ನು ನೋಡಿ ನೀವು ಹಾಗೇ ಹಿಂದಕ್ಕೆ ಹೋಗುತ್ತೀರಿ.

ಇಪ್ಪತ್ತೆಂಟು ವರ್ಷ ಆರ್ಚರ್ ರಸ್ತೆಯಲ್ಲಿ ಸಿಟಿ ಬಸ್ಸು ಓಡಿಸಿದವಳು ನಾನು. ಈ ಊರನ್ನು ನನ್ನಷ್ಟು ಚೆನ್ನಾಗಿ ತೋರಿಸುವವರು ನಿಮಗೆ ಸಿಗುವುದಿಲ್ಲ. ದಪ್ಪ ಕಾಲುಚೀಲ ಹಾಕಿಕೊಂಡು ಬನ್ನಿ. ಟೋಪಿಯನ್ನು ಗಲ್ಲಕ್ಕೆ ಕಟ್ಟಿಕೊಳ್ಳಿ. ಮೆಟ್ಟಿಲ ಮೇಲೆ ಜಾರುವ ಭಯ ಬೇಡ. ಎದುರು ಮನೆಯ ಟ್ವೋಮಿ, ಅಗ್ನಿಶಾಮಕ ದಳದಲ್ಲಿದ್ದು ನಿವೃತ್ತನಾದವನು, ನನ್ನ ಯಜಮಾನ ವಾಲ್ಟರ್ ಹೋದಾಗಿನಿಂದ ಬೆಳಗಾಗುತ್ತಲೇ ಹಿಮ ಕರಗಲೆಂದು ನನ್ನ ಮೆಟ್ಟಿಲಿಗೂ ಉಪ್ಪು ಎರಚಿ ಹೋಗುತ್ತಾನೆ. ನಾಲಿಗೆ ಕೆಟ್ಟದ್ದು, ಕೈ ಒಳ್ಳೆಯದು.

ಗಾಡಿ ಎಲ್ಲಿ ನಿಲ್ಲಿಸುವುದು ಎಂಬ ಚಿಂತೆ ನಿಮಗೆ ಬೇಡ. ಅದು ನನ್ನ ಜವಾಬ್ದಾರಿ. ಮನೆಯ ಮುಂದೆ ಬಂದರೆ ನಿಮಗೇ ತಿಳಿಯುತ್ತದೆ.

ನೀವು ಕೇಳುವ ಮಾತು ಏನೆಂದು ನಾನು ಈಗ ಕೇಳುವುದಿಲ್ಲ. ಕೂದಲಿಗೆ ಬಣ್ಣ ಹಾಕಿಸಿಕೊಂಡು ಬಂದೆ, ಅಷ್ಟೇ.

ಜೆನೆವೀವ್


ಡೆಕೋರಾ
19 ಜನವರಿ

ಪ್ರಿಯ ಜೆನೆವೀವ್ ಅವರಿಗೆ,

ಕ್ಷೇಮವಾಗಿ ಊರು ಸೇರಿದೆ. ಶನಿವಾರದ ನಿಮ್ಮ ಆತಿಥ್ಯಕ್ಕೆ ಬಹಳ ಕೃತಜ್ಞ.

ನಿಮ್ಮ ಊರು ವಿಚಿತ್ರವಾಗಿದೆ, ಚೆನ್ನಾಗಿದೆ. ಇಲ್ಲಿ ನಮ್ಮ ಚರ್ಚಿನ ಕಾಫಿಯ ಹೊತ್ತಿನಲ್ಲಿ ಎಲ್ಲರಿಗೂ ಹೇಳಿದೆ, ಅರ್ಧ ಜನ ನಂಬಲಿಲ್ಲ. ರೈಲು ಮನೆಗಳ ಎರಡನೇ ಮಹಡಿಯ ಕಿಟಕಿಯ ಪಕ್ಕದಲ್ಲೇ ಹೋಗುತ್ತದೆ, ಒಳಗೆ ಒಬ್ಬರು ಗಡ್ಡ ಹೆರೆದುಕೊಳ್ಳುತ್ತಿದ್ದರು ಎಂದೆ. ಸ್ಟೇಷನ್ನಿನಲ್ಲಿ ಗುಂಡಿ ಒತ್ತಿದರೆ ತಲೆಯ ಮೇಲೆ ಕೆಂಪು ದೀಪ ಉರಿದು ಬಿಸಿ ಕೊಡುತ್ತದೆ, ಅದರ ಕೆಳಗೆ ವಕೀಲರೂ ಪಾರಿವಾಳಗಳೂ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ, ಯಾರೂ ಯಾರಿಗೂ ಜಾಗ ಬಿಡುವುದಿಲ್ಲ ಎಂದೆ. ಗಾಳಿಗೆ ನನ್ನ ಟೋಪಿ ಹಾರಿ ಹೋದಾಗ ಮುಂದಿನ ತಿರುವಿನಲ್ಲಿ ಒಬ್ಬರು ಅದನ್ನು ಹಿಡಿದು, ನಡಿಗೆ ನಿಲ್ಲಿಸದೆ ನನ್ನ ಕೈಗಿಟ್ಟು, "ಇವತ್ತಿಗೆ ಮೂರನೇದು" ಎಂದು ಹೇಳಿ ಹೋದರಲ್ಲ, ಅದನ್ನೂ ಹೇಳಿದೆ. ಟೋಪಿ ಕಟ್ಟಿಕೊಳ್ಳಿ ಎಂದು ನೀವು ಬರೆದಿದ್ದಿರಿ. ತಪ್ಪು ನನ್ನದೇ.

ನಾವು ಹತ್ತಿದ ಪ್ರತಿ ಬಸ್ಸಿನ ಚಾಲಕನೂ ನಿಮಗೆ ನಮಸ್ಕಾರ ಹೇಳಿದ್ದು, ನೀವು ಪ್ರತಿಯೊಬ್ಬನಿಗೂ "ಬ್ರೇಕು ಹಾಗೆ ಒತ್ತಬೇಡ್ವೋ, ಮುದುಕೀರು ಕೂತಿದಾರೆ" ಎಂದು ಬೈದದ್ದು ನೋಡಿ ನನಗೆ ಸಂತೋಷವಾಯಿತು. ದುಂಡಗಿನ ಪಿಜ್ಜಾವನ್ನು ಚೌಕ ಚೌಕವಾಗಿ ಕತ್ತರಿಸುವುದು ಏಕೆ ಎಂದು ನಾನು ಕೇಳಿದಾಗ ನೀವು, "ಮೂಲೆ ತುಂಡಿಗೆ ಜಗಳ ಆಡೋದು ಬೇಡ್ವಾ?" ಎಂದಿರಿ. ಹಾಟ್ ಡಾಗಿಗೆ ಕೆಚಪ್ ಕೇಳಿದ್ದಕ್ಕೆ ಅಂಗಡಿಯ ಹೆಂಗಸು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ಅದು ಅಲ್ಲಿ ಅಷ್ಟು ದೊಡ್ಡ ಅಪರಾಧ ಎಂದು ನನಗೆ ಗೊತ್ತಿರಲಿಲ್ಲ.

ಗಾರ್ಫೀಲ್ಡ್ ಉದ್ಯಾನದ ಗಾಜಿನ ಮನೆಯೂ ಬಹಳ ಬೆಚ್ಚಗಿತ್ತು. ಬಾಳೆಗಿಡ ಚೆನ್ನಾಗಿತ್ತು.

ನಿಮ್ಮ ವಿಶ್ವಾಸಿ,
ಡೆಲ್ಬರ್ಟ್ ಹೌಗನ್


ಶಿಕಾಗೊ
25 ಜನವರಿ

ಡೆಲ್ಬರ್ಟ್,

ಬಾಳೆಗಿಡ ಚೆನ್ನಾಗಿತ್ತು ಎಂದು ನೀವು ಅಲ್ಲಿಯೂ ಹೇಳಿದಿರಿ, ಪತ್ರದಲ್ಲಿಯೂ ಬರೆದಿರಿ. ಚೆನ್ನಾಗಿತ್ತು, ಒಪ್ಪಿದೆ. ಆ ಗಾಜಿನ ಮನೆಗೆ ನಾನು ನಿಮ್ಮನ್ನು ಕರೆದುಕೊಂಡು ಹೋದದ್ದು ಜನವರಿಯಲ್ಲಿ ಈ ಊರಿನಲ್ಲಿ ಹಲ್ಲು ಕಟಕಟಿಸದೆ ಒಂದು ಮಾತು ಆಡಬಹುದಾದ ಜಾಗ ಅದೊಂದೇ ಎಂದು. ನೀವು ಕನ್ನಡಕ ಒರೆಸಿಕೊಂಡಿರಿ. ನನ್ನ ಮುಖ ನೋಡಿದಿರಿ. ಬಾಯಿ ತೆರೆದಿರಿ. ಬಾಳೆಗಿಡ ಎಂದಿರಿ. ನನಗೆ ಅರವತ್ತನಾಲ್ಕು. ಬಾಳೆಗಿಡದ ಸುದ್ದಿ ಕೇಳಲು ನಾನು ಕೂದಲಿಗೆ ಬಣ್ಣ ಹಾಕಿಸಿಕೊಳ್ಳಲಿಲ್ಲ.

ಮಧ್ಯಾಹ್ನದ ಮೇಲೆ ನೀವು ಮೂಗನಂತಾದಿರಿ. ನನ್ನ ಗಂಟಲು ಜೋರು, ಗೊತ್ತು. ಪತ್ರದಲ್ಲಿ ಗಂಟಲು ಕೇಳಿಸುವುದಿಲ್ಲ. ನೋಡಿದ ಮೇಲೆ ಬೇಡವೆನಿಸಿದರೆ ಹಾಗೆಂದು ಬರೆಯಿರಿ. ನನಗೆ ನೋವಾಗುತ್ತದೆ, ಸಾಯುವುದಿಲ್ಲ.

ಅವತ್ತು ನಾನೂ ಸರಿಯಿರಲಿಲ್ಲ. ನೀವು ಬಂದ ಹೊತ್ತಿಗೆ ನಾನು ಜಗಲಿಯಲ್ಲಿ ನಿಂತು ಟ್ವೋಮಿಯ ಮೇಲೆ ಕೂಗಾಡುತ್ತಿದ್ದೆನಲ್ಲ, ಅದರ ಪೂರ್ತಿ ಕತೆ ನಿಮಗೆ ಹೇಳಲೇ ಇಲ್ಲ. ಗುರುವಾರ ಮತ್ತೆ ಹಿಮ ಬಿತ್ತು. ಶುಕ್ರವಾರ ಮೂರು ಗಂಟೆ ಸಲಿಕೆ ಹಿಡಿದು ಮನೆ ಮುಂದೆ ಒಂದು ಗಾಡಿಯಷ್ಟು ಜಾಗ ಗೋರಿದೆ. ಅದರಲ್ಲಿ ವಾಲ್ಟರನ ಹಸಿರು ಕುರ್ಚಿ ಇಟ್ಟೆ. ಈ ಊರಿನಲ್ಲಿ ಗೋರಿದ ಜಾಗದಲ್ಲಿ ಕುರ್ಚಿ ಇಟ್ಟರೆ ಅದು ಗೋರಿದವರ ಜಾಗ. ಕಾನೂನು ಏನಾದರೂ ಹೇಳಲಿ, ಆ ಕುರ್ಚಿಯನ್ನು ಮೇಯರ್ ಕೂಡ ಮುಟ್ಟುವುದಿಲ್ಲ. ಬೆಳಿಗ್ಗೆ ನೋಡಿದರೆ ಕುರ್ಚಿ ಇಲ್ಲ, ಟ್ವೋಮಿಯ ಅಳಿಯನ ನೀಲಿ ಕಾರು ಅಲ್ಲಿ ನಿಂತಿದೆ. "ಅವ್ನು ಬಂದಾಗ ಕುರ್ಚೀನೇ ಇರಲಿಲ್ಲ ಕಣೇ" ಎಂದು ಆಣೆ ಇಡುತ್ತಾನೆ ಮುದುಕ. ಕುರ್ಚಿಗೆ ಕಾಲಿದ್ದರೂ ನಡೆದು ಹೋಗುತ್ತದೆಯೇ?

ಆ ಜಾಗ ನಿಮ್ಮ ಗಾಡಿಗೆಂದು ಇಟ್ಟಿದ್ದೆ. ಅವತ್ತೇ ಹೇಳಲಿಲ್ಲ. ಬಂದ ಅತಿಥಿಗೆ ನಿನಗಾಗಿ ಸೊಂಟ ಮುರಿದುಕೊಂಡೆ ಎನ್ನುವುದು ಮರ್ಯಾದೆಯಲ್ಲ. ನೀವು ಆರು ಬೀದಿಯಾಚೆ ಗಾಡಿ ನಿಲ್ಲಿಸಿ ಹಿಮದಲ್ಲಿ ನಡೆದುಬಂದಿರಿ. ಅದು ನನಗೆ ಇನ್ನೂ ಚುಚ್ಚುತ್ತಿದೆ.

ಜೆನೆವೀವ್


ಶಿಕಾಗೊ
5 ಫೆಬ್ರವರಿ

ಡೆಲ್ಬರ್ಟ್,

ಹತ್ತು ದಿನವಾಯಿತು, ನಿಮ್ಮಿಂದ ಒಂದು ಸಾಲಿಲ್ಲ. ಅರ್ಥವಾಯಿತು ಎಂದುಕೊಳ್ಳಲೇ?

ಈ ಚೀಟಿ ಅದಕ್ಕಲ್ಲ. ಯಾರಿಗಾದರೂ ಹೇಳಬೇಕು, ಹೇಳಲು ಯಾರೂ ಇಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕಳೆದ ಭಾನುವಾರ ಟ್ವೋಮಿಯ ಅಳಿಯ ಮತ್ತೆ ಬಂದಿದ್ದ. ಇಳಿಹೊತ್ತಿನಲ್ಲಿ ನಾಲ್ಕು ಬಕೆಟ್ ನೀರು ತೆಗೆದುಕೊಂಡು ಹೋಗಿ ಅವನ ನೀಲಿ ಕಾರಿಗೆ ಸುರಿದೆ. ಹತ್ತು ನಿಮಿಷದಲ್ಲಿ ಕಾರು ಹರಳಿನ ಹಾಗೆ ಗಟ್ಟಿಯಾಯಿತು. ಕುರ್ಚಿ ಕದ್ದವರಿಗೆ ಇಲ್ಲಿ ಮಾಡುವುದೇ ಹಾಗೆ.

ಮಾರನೆಯ ಬೆಳಿಗ್ಗೆ ನನ್ನ ಮೆಟ್ಟಿಲಿಗೆ ಉಪ್ಪು ಬೀಳಲಿಲ್ಲ. ಅದರ ಮಾರನೆಯ ದಿನವೂ ಬೀಳಲಿಲ್ಲ. ಈಗ ನಾನೇ ಎರಚಿಕೊಳ್ಳುತ್ತೇನೆ. ಗೆದ್ದೆ ಎಂದು ಖುಷಿಯಾಗಬೇಕಿತ್ತು, ಆಗುತ್ತಿಲ್ಲ.

ಜೆ.


ಡೆಕೋರಾ
10 ಫೆಬ್ರವರಿ

ಪ್ರಿಯ ಜೆನೆವೀವ್ ಅವರಿಗೆ,

ದಯವಿಟ್ಟು ಕುಳಿತುಕೊಂಡು ಓದಿ.

ಕುರ್ಚಿ ತೆಗೆದವನು ನಾನು.

ಇದನ್ನು ಬರೆಯಲು ಹದಿನಾರು ಹಾಳೆ ಹರಿದಿದ್ದೇನೆ. ನೀವು ಒಂಬತ್ತಕ್ಕೆ ಎಂದಿರಿ. ನಾನು ಏಳೂಕಾಲಿಗೆ ನಿಮ್ಮ ಬೀದಿಯಲ್ಲಿದ್ದೆ. ಹಿಂದಿನ ರಾತ್ರಿ ಹೆದ್ದಾರಿಯ ಬದಿಯ ವಸತಿಗೃಹದಲ್ಲಿ ಮಲಗಿದ್ದೆ, ನಿದ್ದೆ ಬರಲಿಲ್ಲ. ನಿಮ್ಮ ಕೂದಲ ಸುರುಳಿಯ ಮಾತು ನೆನಪಿತ್ತು, ಅದಕ್ಕೆ ಬಾಗಿಲು ತಟ್ಟದೆ ಬೀದಿಯಲ್ಲೇ ಅಡ್ಡಾಡಿದೆ. ಬೀದಿಯುದ್ದಕ್ಕೂ ಹಳೆಯ ಸಾಮಾನು. ಒಂದು ಕಡೆ ಮುರಿದ ಸ್ಟೂಲು, ಒಂದು ಕಡೆ ಇಸ್ತ್ರಿ ಮಾಡುವ ಹಲಗೆ, ಒಂದು ಕಡೆ ಎರಡು ಬಕೆಟ್ಟುಗಳ ನಡುವೆ ಮೂಗು ಹೋದ ಮೇರಿ ಮಾತೆ. ನಮ್ಮ ಊರಿನಲ್ಲಿ ವರ್ಷಕ್ಕೊಮ್ಮೆ ಗುಜರಿ ಒಯ್ಯುವ ದಿನ ಇರುತ್ತದೆ. ಎಲ್ಲರೂ ಹೀಗೆಯೇ ಹೊರಗಿಡುತ್ತಾರೆ. ಇಲ್ಲಿಯೂ ಅದೇ ಎಂದುಕೊಂಡೆ. ನಿಮ್ಮ ಮನೆಯ ಮುಂದೆ ಮಾತ್ರ ಅಂಗೈಯ ಹಾಗೆ ಚೊಕ್ಕಟವಾಗಿ ಗೋರಿದ ಜಾಗ, ಅದರ ನಡುವೆ ಕಾಲಿಗೆ ಪಟ್ಟಿ ಸುತ್ತಿದ ಹಸಿರು ಕುರ್ಚಿ. ಒಂಟಿ ಹೆಂಗಸು, ಹಿಂದಿನ ಓಣಿಯವರೆಗೆ ಹೊರಲು ಆಗಿರಲಿಕ್ಕಿಲ್ಲ, ಬಂದವನು ಇಷ್ಟಾದರೂ ಮಾಡೋಣ ಎಂದು ಎತ್ತಿಕೊಂಡು ಹೋದೆ. ಓಣಿಯಲ್ಲಿ ಗುಜರಿ ಗಾಡಿ ನಿಂತಿತ್ತು. ಅದರೊಳಗೆ ಎತ್ತಿ ಇಟ್ಟವನೂ ನಾನೇ. "ದೇವ್ರು ಒಳ್ಳೇದ್ ಮಾಡ್ಲಿ ಯಜಮಾನ್ರೇ" ಎಂದ ಗುಜರಿಯವನು. ನಾನು ಎದೆಯುಬ್ಬಿಸಿಕೊಂಡು ಹಿಂದಿರುಗಿದೆ.

ಆ ಜಾಗದಲ್ಲಿ ಗಾಡಿ ನಿಲ್ಲಿಸಬಹುದಿತ್ತು. ಇಷ್ಟು ಶ್ರಮಪಟ್ಟು ಗೋರಿದ್ದಾರೆ, ಯಾರಿಗೋ ಇರಬೇಕು, ನಾವು ನುಗ್ಗಬಾರದು ಎಂದು ಆರು ಬೀದಿಯಾಚೆ ನಿಲ್ಲಿಸಿ ಬಂದೆ.

ಒಂಬತ್ತಕ್ಕೆ ನೀವು ಟ್ವೋಮಿಯವರ ಮೇಲೆ ಕೂಗುತ್ತಿದ್ದಾಗಲೂ ನನಗೆ ಏನೂ ಹೊಳೆಯಲಿಲ್ಲ. ಹೊಳೆದದ್ದು ಹಾಟ್ ಡಾಗ್ ಅಂಗಡಿಯ ಸಾಲಿನಲ್ಲಿ. ಅಂಗಡಿಯವಳು, "ಏನ್ ಜೆನ್, ಮುಖ ಊದಿಸ್ಕೊಂಡಿದೀಯಾ?" ಎಂದು ಕೇಳಿದಳು. ನೀವು, "ನನ್ನ ಕುರ್ಚಿ ಎತ್ತಿಬಿಟ್ರು ಕಣೇ" ಎಂದಿರಿ. ಸಾವಿನ ಸುದ್ದಿ ಕೇಳಿದವನಂತೆ ಸಾಲಿನಲ್ಲಿ ಒಬ್ಬ ಟೋಪಿ ತೆಗೆದ.

"ಗೋರಿದ ಜಾಗದ್ದಾ?"

"ಮೂರು ಗಂಟೆ ಗೋರಿದ್ದೆ. ವಾಲ್ಟರ್ ಕುರ್ಚಿ ಅದು."

"ಅಂಥೋರ ಟೈರ್ ಗಾಳಿ ಬಿಟ್ರೆ ಸಾಲ್ದಮ್ಮ," ಎಂದ ಟೋಪಿ ತೆಗೆದವನು.

"ನೀರು ಸುರೀರಿ. ಬೆಳಗಾಗೋದ್ರೊಳಗೆ ಗಟ್ಟಿ," ಎಂದ ಸಾಲಿನಲ್ಲಿದ್ದ ಇನ್ನೊಬ್ಬ.

ನನ್ನ ಹಿಂದೆ ನಿಂತಿದ್ದ ಪೊಲೀಸಿನವರು, "ನಾನೇನೂ ಕೇಳಿಸ್ಕೊಂಡಿಲ್ಲ. ಮೊದಲು ಬಾಗಿಲ ಹಿಡಿಗೆ ಸುರೀರಿ" ಎಂದರು.

ಆಗ ಅಂಗಡಿಯವಳು ನನ್ನ ಕಡೆ ತಿರುಗಿ, "ನಿಮಗೇನ್ ಬೇಕು?" ಎಂದಳು. ತಲೆ ಖಾಲಿಯಾಗಿತ್ತು. ಕೆಚಪ್ ಎಂದೆ. ಎಲ್ಲರೂ ನನ್ನತ್ತ ತಿರುಗಿ ನೋಡಿದಾಗ ಕುರ್ಚಿಯ ವಿಷಯ ಗೊತ್ತಾಯಿತೇನೋ ಎಂದುಕೊಂಡೆ.

ಗಾಜಿನ ಮನೆಯಲ್ಲಿ ಹೇಳಿಬಿಡೋಣ ಎಂದುಕೊಂಡೆ. ಮೊದಲು ತಪ್ಪು ಒಪ್ಪಿಕೊಳ್ಳುವುದು, ಆಮೇಲೆ ಕೇಳಬೇಕಾದ್ದು ಕೇಳುವುದು. ಕನ್ನಡಕ ಒರೆಸಿಕೊಂಡೆ. ಅಷ್ಟರಲ್ಲಿ ನೀವು, "ಆ ಕುರ್ಚಿ ಕಳ್ಳನ್ನ ನಾನು ಸಾಯೋ ತನಕ ಕ್ಷಮಿಸಲ್ಲ ಡೆಲ್ಬರ್ಟ್" ಎಂದಿರಿ. ನನ್ನ ಎದುರಿಗೆ ಬಾಳೆಗಿಡವಿತ್ತು.

ನಿಮ್ಮ ಗಂಟಲು ಜೋರು, ನಿಜ. ಈ ಮನೆಯಲ್ಲಿ ಮೂರು ವರ್ಷದಿಂದ ಗಡಿಯಾರದ ಸದ್ದೊಂದೇ ಇದೆ. ಅವತ್ತು ಊರಿಗೆ ಹಿಂದಿರುಗುವಾಗ ದಾರಿಯುದ್ದಕ್ಕೂ ಆ ಗಂಟಲೇ ಕಿವಿಯಲ್ಲಿತ್ತು, ನನಗೆ ಬೇಕೆನಿಸಿತು. ನಿಮ್ಮ ಜನವರಿಯ ಪತ್ರದಲ್ಲಿ ಆ ಜಾಗ ನನಗೆಂದೇ ಇಟ್ಟದ್ದು ಎಂದು ಓದಿದ ಮೇಲೆ ಪೆನ್ನು ಎತ್ತಲು ಮುಖವಿರಲಿಲ್ಲ. ಆದರೆ ನಿಮ್ಮ ಮೆಟ್ಟಿಲಿಗೆ ಟ್ವೋಮಿಯವರ ಉಪ್ಪು ನಿಂತ ವಿಷಯ ಓದಿಯೂ ಸುಮ್ಮನಿದ್ದರೆ ನಾನು ಮನುಷ್ಯನಲ್ಲ. ಅವರು ಕಳ್ಳರಲ್ಲ. ದಯವಿಟ್ಟು ಅವರಿಗೆ ಹೇಳಿ.

ಕೇಳಬೇಕೆಂದಿದ್ದ ಮಾತನ್ನು ಕೇಳುವ ಯೋಗ್ಯತೆ ಈಗ ನನಗಿಲ್ಲ.

ಡೆಲ್ಬರ್ಟ್


ಶಿಕಾಗೊ
15 ಫೆಬ್ರವರಿ

ಡೆಲ್ಬರ್ಟ್ ಹೌಗನ್,

ನಿನ್ನ ಪತ್ರ ಬಂತು. ಓದಿದೆ. ಈಗ ಉತ್ತರ ಬರೆದರೆ ಕಾಗದ ಸುಟ್ಟುಹೋಗುತ್ತದೆ. ತಡಿ.

ಜೆ.


ಡೆಕೋರಾ
20 ಫೆಬ್ರವರಿ

ಪ್ರಿಯ ಜೆನೆವೀವ್ ಅವರಿಗೆ,

ತಡೆಯುತ್ತೇನೆ.

ಇದರ ಜೊತೆಗೆ ಅಂಚೆಯಲ್ಲಿ ಎರಡು ಕಟ್ಟುಗಳು ಬರುತ್ತವೆ. ದೊಡ್ಡದರಲ್ಲಿ ಕುರ್ಚಿಯ ಮೈ ಇದೆ, ಉದ್ದನೆಯದರಲ್ಲಿ ನಾಲ್ಕು ಕಾಲುಗಳಿವೆ. ಮೊಳೆ, ತಿರುಪುಗಳು ಒಂದು ಲಕೋಟೆಯಲ್ಲಿವೆ. ಇದು ವಾಲ್ಟರ್ ಅವರ ಕುರ್ಚಿಗೆ ಬದಲಲ್ಲ. ಅದಕ್ಕೆ ಬದಲು ಇಲ್ಲ ಎಂದು ಹೆಂಡತಿ ಸತ್ತ ನನಗೆ ಗೊತ್ತು. ಮತ್ತೆ ಹಿಮ ಬಿದ್ದರೆ ನಿಮ್ಮ ಜಾಗಕ್ಕೆ ಏನಾದರೂ ಬೇಕಲ್ಲ.

ನನ್ನ ಅಡುಗೆಮನೆಯ ಎದುರಿನ ಕುರ್ಚಿ ಅದು. ನಿಮ್ಮ ಪತ್ರಗಳನ್ನು ಸದ್ಯಕ್ಕೆ ಮೇಜಿನ ಮೇಲೆ ಇಟ್ಟಿದ್ದೇನೆ.

ಡೆಲ್ಬರ್ಟ್


ಶಿಕಾಗೊ
21 ಮಾರ್ಚ್

ಡೆಲ್,

ನಿನ್ನ ಪತ್ರಕ್ಕೆ ಒಂದು ತಿಂಗಳು ಕಾಯಿಸಿದೆ. ಬೇಕೆಂದೇ ಕಾಯಿಸಿದೆ. ನೀನು ನನ್ನನ್ನು ಹದಿನೈದು ದಿನ ಕಾಯಿಸಿದ್ದೆ, ಬಡ್ಡಿ ಸೇರಿಸಿ ಕೊಟ್ಟಿದ್ದೇನೆ.

ಮೊದಲು ಟ್ವೋಮಿಯ ಕತೆ. ನೀನು ತಪ್ಪೊಪ್ಪಿಕೊಂಡ ಪತ್ರ ಬಂದ ದಿನವೇ ಗಸಗಸೆ ಸುರುಳಿ ಬ್ರೆಡ್ಡು ಮಾಡಿಕೊಂಡು ರಸ್ತೆ ದಾಟಿದೆ. ಮೂವತ್ತು ಹೆಜ್ಜೆಯ ರಸ್ತೆ, ಮೂರು ಸಲ ಅರ್ಧದಿಂದ ಹಿಂದಕ್ಕೆ ಬಂದೆ. ಅವನು ಬಾಗಿಲು ತೆಗೆದ. ನಾನು, "ಕುರ್ಚಿ ನೀನು ತೆಗೀಲಿಲ್ಲ. ಆ ಅಯೋವಾದ ಪೋಸ್ಟ್‌ಮ್ಯಾನ್ ತೆಗೆದಿದ್ದು. ಗುಜರಿ ದಿನ ಅಂದ್ಕೊಂಡ್ನಂತೆ" ಎಂದೆ. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಗಲು ಶುರುಮಾಡಿದ. ಕೆಮ್ಮು ಬರುವ ತನಕ ನಕ್ಕ.

"ನಿನ್ ಮೇಲೆ ನಂಗೆ ಕೋಪ ಕಾರಿಗೋಸ್ಕರ ಅಲ್ಲ ಜೆನ್," ಎಂದ. "ಕಾರಿನ ಬಾಗಿಲು ತೆರೀಲಿಲ್ಲ ಅಂತ ಅಳಿಯ ಮೂರು ದಿನ ನಮ್ಮನೇಲೇ ಉಳ್ಕೊಂಡ. ಮೂರು ದಿನ. ಅವನ ರಾಜಕೀಯ ಎಲ್ಲಾ ಕೇಳಿದೆ."

"ತಪ್ಪಾಯ್ತು ಕಣಯ್ಯ."

"ತಪ್ಪು ನಿಂದಲ್ಲ. ನಿಂಗೆ ಉಪ್ಪು ಹಾಕದೆ ಬಿಟ್ಟೆನಲ್ಲ, ಅದು ನಂದು. ಬ್ರೆಡ್ಡು ಒಳಗೆ ತಾ."

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಉಪ್ಪು ಬಿದ್ದಿತ್ತು. ಎರಡರಷ್ಟು.

ಇನ್ನು ವಾಲ್ಟರನ ಕುರ್ಚಿ. ಸುಳ್ಳು ಹೇಳುವುದಿಲ್ಲ, ನಿನ್ನ ಪತ್ರ ಓದಿ ಅತ್ತೆ. ಅವನು ಬೂಟು ಕಟ್ಟಿಕೊಳ್ಳಲು ಕೂರುತ್ತಿದ್ದ ಕುರ್ಚಿ ಅದು. ಆದರೆ ಆರು ವರ್ಷದಿಂದ ಅದರ ಮೇಲೆ ಯಾರೂ ಕೂತಿರಲಿಲ್ಲ, ಕೂತರೆ ಮುರಿದು ಬೀಳುತ್ತಿತ್ತು. ಹಿಮ ಬಿದ್ದಾಗ ಹೊರಗೆ, ಕರಗಿದಾಗ ನೆಲಮಾಳಿಗೆಗೆ. ಅವನೇ ಇದ್ದಿದ್ದರೆ ಯಾವತ್ತೋ ಗುಜರಿಗೆ ಹಾಕುತ್ತಿದ್ದ. ನೀನು ಹಾಕಿದೆ. ಅವನು ಇದನ್ನು ಕೇಳಿದ್ದರೆ ನಿನಗೆ ಒಂದು ಬಿಯರ್ ಕೊಡಿಸುತ್ತಿದ್ದ, ಇದು ನನಗೆ ಖಂಡಿತ ಗೊತ್ತು.

ನಿನ್ನ ಕಟ್ಟುಗಳು ಬಂದವು. ಕಾಲು ಜೋಡಿಸಲು ಟ್ವೋಮಿ ಬಂದ. ಒಂದನ್ನು ತಿರುಗುಮುರುಗಾಗಿ ಹಾಕಿದ, ಮತ್ತೆ ಬಿಚ್ಚಿಸಿದೆ. ಒಳ್ಳೆಯ ಕುರ್ಚಿ. ಕೂತರೆ ಕಿರ್ ಎನ್ನುತ್ತದೆ. ಇರ್ಮಾ ಒಂದು ಸಲ ಬರೆದಿದ್ದಳು, "ನಮ್ಮ ಮನೆಯಲ್ಲಿ ಡೆಲ್ ಮಾತಾಡುವುದಿಲ್ಲ, ಕುರ್ಚಿ ಮಾತಾಡುತ್ತದೆ" ಎಂದು. ಇದೇ ಇರಬೇಕು.

ಈಗ ಕೇಳು. ಇಲ್ಲಿ ಹಿಮ ಕರಗಿ ಎರಡು ವಾರವಾಯಿತು. ಹಿಮ ಹೋದ ಮೇಲೆ ಕುರ್ಚಿ ಇಡುವ ಹಾಗಿಲ್ಲ. ಅದೂ ಈ ಊರಿನ ನಿಯಮವೇ, ಮುರಿದವರನ್ನು ಯಾರೂ ಮನುಷ್ಯರೆಂದು ಲೆಕ್ಕಿಸುವುದಿಲ್ಲ. ಇಸ್ತ್ರಿ ಹಲಗೆ ಒಳಗೆ ಹೋಯಿತು, ಮೇರಿ ಮಾತೆ ಅವಳ ತೋಟಕ್ಕೆ ಹೋದಳು. ಬೀದಿಯುದ್ದಕ್ಕೂ ಒಂದೇ ಒಂದು ಕುರ್ಚಿ ನಿಂತಿದೆ, ಒಣ ನೆಲದ ಮೇಲೆ, ನನ್ನ ಮನೆಯ ಮುಂದೆ. ಹದಿಮೂರು ದಿನದಿಂದ ಅಲ್ಲಿಯೇ ಇದೆ. ಹೋಗುವವರು ಬರುವವರು, "ಜೆನ್, ತಲೆ ಕೆಟ್ಟಿದ್ಯಾ? ಹಿಮ ಎಲ್ಲಿದೆ?" ಎಂದು ಕೇಳುತ್ತಾರೆ. ಯಾರೋ ಅದನ್ನು ಸರಿಸಲು ಹೋದಾಗ ಟ್ವೋಮಿ ಕಿಟಕಿಯಿಂದ ತಲೆ ಹಾಕಿ, "ಮುಟ್ಟಬೇಡ ಅದನ್ನ. ಅಯೋವಾದಿಂದ ಗಂಡು ಬರ್ತಿದೆ" ಎಂದು ಕೂಗಿದ. ಇಡೀ ಬೀದಿಗೆ ಕೇಳಿಸಿತು. ಇನ್ನು ನನಗೆ ಮುಚ್ಚಿಡುವುದು ಏನೂ ಉಳಿದಿಲ್ಲ.

ಆದ್ದರಿಂದ ಬಾ. ಬೆಳಿಗ್ಗೆ ಏಳೂಕಾಲಿಗೆ ಬಂದರೂ ಬಾಗಿಲು ತಟ್ಟು, ಕೂದಲ ಸುರುಳಿ ನೋಡಿದರೆ ನೋಡು. ನೀನು ಕೇಳಬೇಕೆಂದದ್ದನ್ನು ಅಡುಗೆಮನೆಯಲ್ಲೇ ಕೇಳು, ಅಲ್ಲಿ ಯಾವ ಗಿಡವೂ ಇಲ್ಲ. ಬೀದಿಯ ಕುರ್ಚಿಯನ್ನು ನೀನೇ ನಿನ್ನ ಕೈಯಾರೆ ಎತ್ತು, ಗಾಡಿಯನ್ನು ಅಲ್ಲೇ ನಿಲ್ಲಿಸು. ಈ ಸಲ ಅದನ್ನು ಓಣಿಗೆ ಒಯ್ಯಬೇಡ, ಮನೆಯೊಳಗೆ ತಾ.

ಮತ್ತೆ, ಬರುವಾಗ ನಿನ್ನ ಅಡುಗೆಮನೆಯಲ್ಲಿ ಉಳಿದಿರುವ ಆ ಇನ್ನೊಂದು ಕುರ್ಚಿಯನ್ನೂ ಗಾಡಿಗೆ ಹಾಕಿಕೊಂಡು ಬಾ.

ಜೆನ್